ಕ್ಯಾಲ್ಸಿಯಂ ಏರಿತು, ನಡುವೆ ಏನಾಯಿತು?

ನಮಸ್ಕಾರ,

ಫಲಿತಗೊಂಡ ಮೊಟ್ಟೆಯಲ್ಲಿ ಕ್ಯಾಲ್ಸಿಯಂ ಮಾಡುವ ಕೆಲಸದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಒಳ್ಳೆಯ ವಿಷಯ, ಭಾಷೆಯೂ ತಿಳಿಯಾಗಿದೆ. ಆದರೆ ಮೂರನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಅದೊಂದರ ಬಗ್ಗೆಯೇ ಬರೆಯುತ್ತೇನೆ.

‘ವೀರ್ಯಾಣು ಸೇರುತ್ತಲೇ ಕ್ಯಾಲ್ಸಿಯಂ ಆಜ್ಞೆ ಕೊಡುತ್ತದೆ. ಮೊಟ್ಟೆ ವಿಭಜನೆ ಶುರುಮಾಡುತ್ತದೆ.’ ಯಾರಿಗೆ ಆಜ್ಞೆ? ಇಡೀ ಕಥೆ ಇರುವುದೇ ಈ ಎರಡು ವಾಕ್ಯಗಳ ನಡುವೆ, ಅದನ್ನೇ ಬಿಟ್ಟಿದ್ದೀರಿ. ಕಪ್ಪೆಯ ಮೊಟ್ಟೆ, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಾದ ಮಿಯಾಸಿಸ್‌ನ ಎರಡನೇ ವಿಭಜನೆಯ ನಡುವೆ ನಿಂತುಬಿಟ್ಟಿರುತ್ತದೆ. ಸೈಕ್ಲಿನ್ ಬಿ ಎಂಬ ಪ್ರೋಟೀನ್ ಇರುವ ತನಕ ಅದು ಮುಂದೆ ಹೋಗದು. ಸೈಕ್ಲಿನ್ ನಾಶಕ್ಕೆ ದಾರಿ ಮಾಡುವ ಎಪಿಸಿ ಎಂಬ ಪ್ರೋಟೀನ್ ಗುಂಪು ಅಲ್ಲೇ ಇದೆ, ಆದರೆ ಎಮಿ2 ಎಂಬ ಪ್ರೋಟೀನ್ ಅದನ್ನು ತಡೆದು ಕೂತಿದೆ. ಕ್ಯಾಲ್ಸಿಯಂ ಏರಿದಾಗ ಕ್ಯಾಮ್‌ಕೆ2 ಎಂಬ ಕಿಣ್ವ ಚುರುಕಾಗಿ ಎಮಿ2ಗೆ ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಎಮಿ2 ನಾಶವಾಗುತ್ತದೆ, ಎಪಿಸಿಗೆ ಬಿಡುಗಡೆ ಸಿಗುತ್ತದೆ, ಸೈಕ್ಲಿನ್ ಕರಗುತ್ತದೆ. ಕ್ಯಾಲ್ಸಿಯಂ ಮಾಡಿದ್ದು ತಡೆ ತೆಗೆಯುವ ಕೆಲಸ. ಎಷ್ಟು ಚಂದದ ಸಂಗತಿ, ಅಲ್ವಾ?

‘ಎಲ್ಲ ಪ್ರಾಣಿಗಳಲ್ಲೂ ಹೀಗೇ’ ಎಂಬ ಸಾಲು ತಪ್ಪು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲ ಜೀವಿಯ ಮೊಟ್ಟೆ ವೀರ್ಯಾಣು ಬರುವ ಮೊದಲೇ ಮಿಯಾಸಿಸ್ ಮುಗಿಸಿರುತ್ತದೆ, ಅಲ್ಲಿ ತೆಗೆಯಲು ಈ ತಡೆಯೇ ಇಲ್ಲ. ಇಲಿಯಲ್ಲಿ ಕ್ಯಾಲ್ಸಿಯಂ ಒಂದೇ ಸಲ ಏರಿ ಸುಮ್ಮನಾಗುವುದಿಲ್ಲ. ಗಂಟೆಗಟ್ಟಲೆ ಏರಿಳಿಯುತ್ತಲೇ ಇರುತ್ತದೆ.

‘ಈ ಅಲೆಯನ್ನು ವಿಜ್ಞಾನಿಗಳು ನೋಡಿದ್ದಾರೆ.’ ಕ್ಯಾಲ್ಸಿಯಂ ಏರಿಕೆ ಮೊಟ್ಟೆಯುದ್ದಕ್ಕೂ ಅಲೆಯಾಗಿ ಸಾಗುವುದನ್ನು ಹೇಗೆ ನೋಡಿದರು? ಮೆಡಾಕಾ ಮೀನಿನ ಮೊಟ್ಟೆಯೊಳಕ್ಕೆ ಏಕ್ವೊರಿನ್ ಚುಚ್ಚಿ ನೋಡಿದರು. ಅದು ಜೆಲ್ಲಿಮೀನಿನ ಪ್ರೋಟೀನ್, ಕ್ಯಾಲ್ಸಿಯಂ ತಗುಲಿದರೆ ಬೆಳಕು ಸೂಸುತ್ತದೆ. ವೀರ್ಯಾಣು ಹೊಕ್ಕ ತುದಿಯಲ್ಲಿ ಎದ್ದ ಬೆಳಕು ಇನ್ನೊಂದು ತುದಿಗೆ ಹರಿಯಿತು. 1978ರಲ್ಲೇ ಇದು ಪ್ರಕಟವಾಗಿದೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಬರೀ ‘ನೋಡಿದ್ದಾರೆ’ ಅಂದರೆ ನನ್ನ ಹೊಟ್ಟೆ ಉರಿಯುತ್ತದೆ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. ನಮ್ಮ ಬರಹದ ಒಂದು ಸಾಲನ್ನು ಅಂಗೈಯಿಂದ ಮುಚ್ಚಿ, ‘ಮೇಲಿನಿಂದ ಇಲ್ಲಿಗೆ ಹೇಗೆ ಬಂದೆ, ಹೇಳು’ ಅನ್ನುತ್ತಿದ್ದರು. ಹೇಳಲಾಗದಿದ್ದರೆ ಪುಟ ವಾಪಸ್. ಆಗ ಗ್ರಂಥಾಲಯಕ್ಕೆ ಹೋಗಿ ಬಾಗಿಲು ಹಾಕುವವರೆಗೂ ಹುಡುಕುತ್ತಿದ್ದೆ. ಆ ಮನುಷ್ಯನ ಮೇಲೆ ಕೋಪ ಬರುತ್ತಿತ್ತು. ಬೆಳಿಗ್ಗೆ ಉತ್ತರ ಹೇಳಿದಾಗ ಅವರ ಮುಖ ಅರಳುತ್ತಿದ್ದುದು ಇವತ್ತಿಗೂ ನೆನಪಿದೆ.

ಜೀವದ ಅದ್ಭುತ ಎನ್ನುವ ಪೀಠಿಕೆ ಪೂರ್ತಿ ತೆಗೆಯಿರಿ. ಆ ಜಾಗವನ್ನೂ ಮೂರನೇ ಪ್ಯಾರಾಕ್ಕೇ ಕೊಡಿ. ಮುಂದಿನ ತಿಂಗಳೊಳಗೆ ತಿದ್ದಿ ಕಳಿಸಿ, ನಾನೇ ಓದುತ್ತೇನೆ.