‘ಹೂಂ’ ಅನ್ನುವ ಕಾಯಿಲೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಮುಂಬೈ ಕಡೆಯ ಮುಲುಂಡ್, ಠಾಣೆ, ಗೋರೆಗಾಂವ್ ಅಂತ ವಿಳಾಸ ಮಾತ್ರ ಬೇರೆ. ಹೇಳಿ ಹೇಳಿ ಸಾಕಾಗಿದೆ. ಇದೊಂದು ಸಲ ಉದ್ದಕ್ಕೆ ಬರೆಯುತ್ತೇನೆ, ಉಳಿಸಿಟ್ಟುಕೊಳ್ಳಿ.

ಪ್ರಶ್ನೆ: ಮಾವನವರಿಗೆ 76. ಕಿವಿ ಸ್ವಲ್ಪ ಮಂದ, ಆದರೆ ಮನೆಯಲ್ಲಿ ಚೆನ್ನಾಗೇ ಮಾತಾಡುತ್ತಾರೆ. ಬ್ಯಾಂಕಿನವರು ಎಂದು ಯಾರೋ ಹಿಂದಿಯಲ್ಲಿ ಫೋನ್ ಮಾಡಿದಾಗ ‘ಹಾಂ ಜೀ, ಹಾಂ ಜೀ’ ಅಂದು ಓಟಿಪಿ ಕೊಟ್ಟುಬಿಟ್ಟರು. 40 ಸಾವಿರ ಹೋಯಿತು. ಮರೆವು ಶುರುವಾಗಿದೆಯೇ? ಫೋನ್ ಕಿತ್ತಿಟ್ಟಿದ್ದೇವೆ. — ಡೊಂಬಿವಲಿಯ ಸೊಸೆ

ಉತ್ತರ: ಮೊದಲು ಫೋನ್ ವಾಪಸ್ ಕೊಡಮ್ಮಾ. ತಪ್ಪು ಫೋನಿನದ್ದಲ್ಲ, ‘ಹಾಂ ಜೀ’ಯದ್ದು.

ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದುಗಳು. ಸ, ಶ, ಫ ಮಾಯವಾಗುತ್ತವೆ, ಆ, ಓ ಉಳಿಯುತ್ತವೆ. ಅದಕ್ಕೇ ಅವರು ‘ಕೇಳಿಸುತ್ತೆ, ನೀವು ಗೊಣಗ್ತೀರಿ’ ಅನ್ನುವುದು. ಊಟಕ್ಕೆ ಕೂತಾಗ ನೀವು ‘ಸಾಕು’ ಅಂದರೆ ಅವರಿಗೆ ‘ಹಾಕು’. ಮನೆಯ ಕನ್ನಡದಲ್ಲಿ ಅರ್ಧ ಕೇಳಿದರೂ ಉಳಿದರ್ಧ ಊಹಿಸುತ್ತಾರೆ. ಹಿಂದಿಯಲ್ಲಿ ಆ ಊಹೆ ಕೈಕೊಡುತ್ತೆ. ಸಾತ್ (ಏಳು) ಯಾವುದು, ಆಠ್ (ಎಂಟು) ಯಾವುದು? ಜೊತೆಗೆ ಹಳೇ ಮಾದರಿಯ ಫೋನ್ ಕರೆ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಕೀರಲು ಸದ್ದನ್ನು ದಾಟಿಸುವುದೇ ಇಲ್ಲ, ‘ಸ’ದ ಬಲ ಹೆಚ್ಚಾಗಿ ಅದರ ಮೇಲೇ ಇದೆ. ತುಟಿಯೂ ಕಾಣುವುದಿಲ್ಲ. ಮೂರು ಸಲ ‘ಏನು?’ ಅಂದು ಬೈಸಿಕೊಂಡವರು ನಾಲ್ಕನೇ ಸಲ ಸುಮ್ನೆ ‘ಹೂಂ’ ಅನ್ನುತ್ತಾರೆ. ಮೋಸಗಾರರಿಗೆ ಬೇಕಾದ್ದು ಅದೇ ಅಲ್ವಾ?

ಮರೆವಿನ ಮಾತು ಈಗಲೇ ಬೇಡ. ಪ್ರಶ್ನೆಯೇ ಕೇಳಿಸದವರಿಗೆ ನೆನಪಿನ ಪರೀಕ್ಷೆ ಮಾಡಿದರೆ ಫೇಲಾಗದೆ ಇನ್ನೇನು? ಮೊದಲು ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತೆ ಅನ್ನುವ ಪರೀಕ್ಷೆ, ಮಾಡಿಸಿ. ಬಾಂದ್ರಾ ರಿಕ್ಲಮೇಶನ್‌ನಲ್ಲಿ ಕಿವಿ, ಮಾತಿನ ತೊಂದರೆ ನೋಡುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಮಾತು ಎಷ್ಟು ತಿಳಿಯುತ್ತೆ ಅನ್ನುವ ಪರೀಕ್ಷೆ ಕನ್ನಡ ಪದಗಳಲ್ಲೇ ಆಗಲಿ ಎಂದು ಕೇಳಿ. ಹಿಂದಿ ಪದ ಕೊಟ್ಟರೆ ಕಿವಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ತಿದ್ದಬಹುದಾದ 14 ಡಿಮೆನ್ಶಿಯಾ (ಮರೆವಿನ ಕಾಯಿಲೆ) ಅಪಾಯಗಳಲ್ಲಿ ಕಿವಿ ಮಂದವಾಗುವುದೂ ಒಂದು. ಮಂದವಾದವರೆಲ್ಲ ಮರೆಗುಳಿಗಳಾಗುತ್ತಾರೆ ಅಂತಲ್ಲ, ಗಾಬರಿ ಬೇಡ.

ಕಿವಿಗೆ ಹಾಕುವ ಮಿಷಿನ್ ತಂದರೆ ಮೊದಲ ವಾರ ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತಾರೆ. ಆಗಲೇ ಅದು ಡ್ರಾಯರ್ ಸೇರುವುದು. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಹೊತ್ತು ಹಾಕಿಸಿ, ಮರುಹೊಂದಿಸಲು ಎರಡು ಮೂರು ಸಲ ಕರೆದುಕೊಂಡು ಬನ್ನಿ. ಮನೆಯವರು ಅಡುಗೆಮನೆಯಿಂದ ಕಿರುಚಬೇಡಿ. ಕಿರುಚಿದರೆ ‘ಆ’ ದೊಡ್ಡದಾಗುತ್ತೆ, ‘ಸ’ ಅಲ್ಲ. ಟಿವಿ ಆರಿಸಿ, ಎದುರಿಗೆ ಬಂದು ಮಾತಾಡಿ.

ಫೋನಿಗೆ ಒಂದೇ ನಿಯಮ: ಗೊತ್ತಿಲ್ಲದ ನಂಬರಾದರೆ ‘ಬರೆದು ಕಳಿಸಿ’ ಅಂದು ಇಟ್ಟುಬಿಡುವುದು. ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ನೀವು ಮಾಡಿದ್ದೀರಾ? ಪತ್ರದಲ್ಲಿ ಬರೆದಿಲ್ಲ.

ಇನ್ನೊಂದು, ಇದು ನನ್ನ ಅತಿ ಎಚ್ಚರಿಕೆ ಅನ್ನಿ ಬೇಕಾದರೆ. ಸೊಸೈಟಿಯ ರೀಡೆವಲಪ್‌ಮೆಂಟ್ (ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ) ಮೀಟಿಂಗಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿ ಸಹಿ ಹಾಕಿದ ಅಜ್ಜಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಕೇಳಿಸದ ಸಭೆಯಲ್ಲಿ ಅವತ್ತೇ ಸಹಿ ಬೇಡ. ಸಹಿ ಕೇಳುವವರು ಮಗನೇ ಆಗಿದ್ದರೂ ಕಾಗದ ಮನೆಗೆ ತಂದು ಓದಲಿ.

ಪ್ರಶ್ನೆ: ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬಹುದೇ?

ಉತ್ತರ: ಒಗ್ಗರಣೆಗೆ ಬಿಡಿ.

ಪ್ರಶ್ನೆ: ಸ್ಟೇಷನ್ ಹತ್ತಿರದ ಕಾನ್ ಸಾಫ್‌ವಾಲಾ ಕಿವಿಯಿಂದ ಕಲ್ಲು ತೆಗೆದ. ಈಗ ಹಗುರ.

ಉತ್ತರ: ಹಗುರಾದದ್ದು ಜೇಬು. ಕಲ್ಲು ಅವನ ಬೆರಳ ಸಂದಿಯಲ್ಲೇ ಇತ್ತು. ಕಿವಿ ತಮಟೆ ತೂತಾಗಿದೆಯೇ ತೋರಿಸಿಕೊಳ್ಳಿ.

ಪ್ರಶ್ನೆ: ಮಿಷಿನ್ ಹಾಕಿದರೆ ಇದ್ದ ಕಿವಿಯೂ ಸೋಮಾರಿಯಾಗುತ್ತಂತೆ?

ಉತ್ತರ: ಕನ್ನಡಕ ಹಾಕಿ ಓದಿದಿರಲ್ಲ ಈ ಅಂಕಣ, ಕಣ್ಣು ಸೋಮಾರಿಯಾಯಿತೇ?

ಪ್ರಶ್ನೆ: ನಿನ್ನೆಯಿಂದ ಅಮ್ಮನ ಒಂದು ಕಿವಿ ಪೂರ್ತಿ ಬಂದ್. ಮಳೆಗಾಲದ ನೆಗಡಿ ಇರಬೇಕು, ಮುಂದಿನ ವಾರ ತೋರಿಸಲೇ?

ಉತ್ತರ: ಇವರಿಗೆ ಅಂಕಣಕ್ಕೆ ಕಾಯದೆ ಅವತ್ತು ರಾತ್ರಿಯೇ ಫೋನ್ ಮಾಡಿದೆ. ಕಿವಿ ದಿಢೀರನೆ ಹೋದರೆ ಅದು ತುರ್ತು. ಸ್ಟೀರಾಯ್ಡ್ ಬೇಕಾದರೆ ಮೊದಲ 2 ವಾರದೊಳಗೇ ಶುರುವಾಗಬೇಕು. ಬೆಳಗ್ಗೆ ಮೊದಲ ಲೋಕಲ್ ಹಿಡಿದು ಬಂದರು.