ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಾನು ಬದಿಯಡ್ಕ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ವಯಸ್ಸು 34. ಕಾಲೇಜಿನ ದಿನಗಳಿಂದಲೂ ಅರೆತಲೆನೋವು ಇದೆ. ಬಂತೆಂದರೆ ವಾಂತಿ, ಬೆಳಕು ನೋಡಲಿಕ್ಕೆ ಆಗುವುದಿಲ್ಲ. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು. ಈ ವರ್ಷ ವಾರಕ್ಕೆ ನಾಲ್ಕು ದಿನ ಇರುತ್ತದೆ. ಮೆಡಿಕಲಿನಿಂದ ತಂದ ಮಾತ್ರೆ ನುಂಗಿಯೇ ಶಾಲೆಗೆ ಹೋಗುತ್ತೇನೆ. ಅದರ ಖಾಲಿ ಸ್ಟ್ರಿಪ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಮಂಗಳೂರಿನಲ್ಲಿ ತೋರಿಸಿದಾಗ ದಿನಾ ತೆಗೆದುಕೊಳ್ಳಲು ಪ್ರೊಪ್ರನೊಲಾಲ್ ಬರೆದುಕೊಟ್ಟರು. ಅದು ಬಿಪಿ ಮಾತ್ರೆ ಅಂತ ಮೆಡಿಕಲಿನವರು ಹೇಳಿದರು. ನನಗೆ ಬಿಪಿ ಇಲ್ಲ. ಶುರು ಮಾಡಿದರೆ ಆಮೇಲೆ ಬಿಡಲಿಕ್ಕಾಗುವುದಿಲ್ಲವಂತೆ, ಹೌದಾ?

ಉತ್ತರ: ಟೀಚರೇ, ನಿಮ್ಮ ಡಾಕ್ಟರು ಸರಿಯಾದ ಮಾತ್ರೆಯನ್ನೇ ಬರೆದಿದ್ದಾರೆ. ಪ್ರೊಪ್ರನೊಲಾಲ್ ಬಂದದ್ದು ಹೃದಯದ ತೊಂದರೆಗೆ. 1966ರಲ್ಲಿ, ಎದೆನೋವಿಗೆ ಇದನ್ನು ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರ ಮೈಗ್ರೇನ್ ಕೂಡ ಕಡಿಮೆಯಾದದ್ದು ವೈದ್ಯರ ಗಮನಕ್ಕೆ ಬಂತು. ಅಂದಿನಿಂದ ಇದು ಮೈಗ್ರೇನ್ ತಡೆಯುವ ಮದ್ದೂ ಹೌದು. ಬೇರೆ ಮದ್ದುಗಳ ಕತೆಯೂ ಹೀಗೆಯೇ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬಂದದ್ದು, ಟೊಪಿರಾಮೇಟ್ ಅಪಸ್ಮಾರಕ್ಕೆ. ಕೌಂಟರಿನಲ್ಲಿ 'ಇದು ಫಿಟ್ಸ್ ಮಾತ್ರೆ' ಅಂದರೆ ಯಾರಿಗೂ ಗಾಬರಿ ಆಗುತ್ತದೆ. ಕುಂಬಳೆಯ ನನ್ನ ಕ್ಲಿನಿಕ್ಕಿಗೆ ಬರುವವರಲ್ಲೂ ಇದನ್ನು ನೋಡುತ್ತೇನೆ. ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಇಡೀ ದಿನ ಕಾದು, ದುಡ್ಡು ಕೊಟ್ಟು ತಂದ ಮಾತ್ರೆ ಒಂದು ಮಾತಿನಿಂದಾಗಿ ಡಬ್ಬದಲ್ಲೇ ಉಳಿಯುತ್ತದೆ. ನನಗೆ ತುಂಬಾ ಬೇಸರ ಆಗುವುದು ಇದಕ್ಕೆ. ಈ ಮಾತ್ರೆ ಯಾಕೆ ಅಂತ ಹೇಳಲು ಎರಡು ನಿಮಿಷ ಸಾಕು, ಅದನ್ನು ನಾವು ಡಾಕ್ಟರುಗಳೇ ಹೇಳಬೇಕು.

ಈಗ ನಿಮ್ಮ ಸ್ಟ್ರಿಪ್ಪಿನ ವಿಷಯ. ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿದೆ. ಎರ್ಗೊಟಮಿನ್, ಕೆಫೀನ್, ಪ್ಯಾರಸಿಟಮಾಲ್, ಮೂರೂ ಒಂದೇ ಮಾತ್ರೆಯಲ್ಲಿ. ವಾರಕ್ಕೆ ನಾಲ್ಕು ದಿನ ಅಂದರೆ ತಿಂಗಳಿಗೆ ಹದಿನಾರು ದಿನ ಆಯಿತು. ಇಂಥ ಮಿಶ್ರ ಮಾತ್ರೆಯನ್ನು ತಿಂಗಳಿಗೆ 10 ಅಥವಾ ಅದಕ್ಕಿಂತ ಜಾಸ್ತಿ ದಿನ, ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ಬರೀ ಪ್ಯಾರಸಿಟಮಾಲ್, ಐಬುಪ್ರೊಫೇನ್‌ಗಳಿಗೆ ಈ ಮಿತಿ 15 ದಿನ. ತಿಂಗಳಿಗೆ ಎರಡು ಸಲ ಇದ್ದದ್ದು ವಾರಕ್ಕೆ ನಾಲ್ಕು ದಿನ ಆದದ್ದಕ್ಕೆ ಮುಖ್ಯ ಕಾರಣ ಇದೇ ಇರಬೇಕು ಅಂತ ನನ್ನ ಅನುಮಾನ. ಅಭ್ಯಾಸ ಆಗಿಬಿಡುವ ಹೆದರಿಕೆ ಇದ್ದರೆ ಅದು ಈ ಮಾತ್ರೆಯ ಬಗ್ಗೆ ಇರಲಿ, ಪ್ರೊಪ್ರನೊಲಾಲ್ ಬಗ್ಗೆ ಬೇಡ. ಎರ್ಗೊಟಮಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕೈಬೆರಳು ತಣ್ಣಗಾಗುವುದು, ಜೋಮು ಹಿಡಿಯುವುದು ಇದ್ದರೆ ಇವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನಿಲ್ಲಿಸಿದ ಮೊದಲ ಒಂದೆರಡು ವಾರ ನೋವು ಜಾಸ್ತಿಯೇ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಇಳಿಯುತ್ತದೆ. ಓಣಂ ರಜೆ ಹತ್ತಿರ ಬಂತಲ್ವಾ? ಡಾಕ್ಟರೊಡನೆ ಮಾತಾಡಿ ಆ ರಜೆಯಲ್ಲೇ ನಿಲ್ಲಿಸಿ. ಮನೆಯವರಿಗೂ ಹೇಳಿಡಿ. ಅಡುಗೆ, ನೆಂಟರು, ಸದ್ಯ ಎಲ್ಲ ಬೇರೆಯವರು ನೋಡಿಕೊಳ್ಳಲಿ.

ದಿನಾ ನುಂಗುವ ಮಾತ್ರೆಯ ಕೆಲಸವೇ ಬೇರೆ. ಅಡಿಕೆ ತೋಟಕ್ಕೆ ನಾವು ಮದ್ದು ಬಿಡುವುದು ಕೊಳೆರೋಗ ಬರುವ ಮೊದಲು, ಮಳೆ ಹಿಡಿಯುವ ಮುಂಚೆ ಅಲ್ವಾ? ಇದೂ ಹಾಗೆ. ನೋವು ಬಂದಾಗ ಪ್ರೊಪ್ರನೊಲಾಲ್ ನುಂಗಿದರೆ ಏನೂ ಪ್ರಯೋಜನ ಇಲ್ಲ. ದಿನಾ ತೆಗೆದುಕೊಂಡು ಎಂಟರಿಂದ ಹನ್ನೆರಡು ವಾರ ಕಾಯಬೇಕು. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದರೆ ಮದ್ದು ಹಿಡಿಯಿತು ಅಂತ ಲೆಕ್ಕ. ಆರು ತಿಂಗಳಿಂದ ಒಂದು ವರ್ಷ ಆದ ಮೇಲೆ ನಿಧಾನಕ್ಕೆ ಕಡಿಮೆ ಮಾಡಿ ಬಿಡಬಹುದು. ಒಮ್ಮೆಲೇ ಮಾತ್ರ ಬಿಡಬೇಡಿ. ಕೆಲವರಿಗೆ ಸುಸ್ತು, ಕೈಕಾಲು ತಣ್ಣಗಾಗುವುದು ಇರುತ್ತದೆ. ನಿಮಗೆ ದಮ್ಮು ಇದೆಯಾ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಈ ಮಾತ್ರೆ ಆಗುವುದೇ ಇಲ್ಲ, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ. ಮಗು ಬೇಕೆಂಬ ಯೋಚನೆ ಇದ್ದರೆ ಅದನ್ನೂ ಈಗಲೇ ಹೇಳಿ. ಮೈಗ್ರೇನ್ ತಡೆಯಲು ಕೊಡುವ ಮದ್ದುಗಳಲ್ಲಿ ಟೊಪಿರಾಮೇಟ್, ಇನ್ನೊಂದು ಫಿಟ್ಸ್ ಮಾತ್ರೆಯಾದ ವಾಲ್ಪ್ರೋಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು.

ಇಷ್ಟಾದರೂ ನಡುವೆ ನೋವು ಬಂದರೆ? ಕಾಯಬೇಡಿ. 'ಇನ್ನೊಂದು ಪಿರಿಯಡ್ ಮುಗಿಯಲಿ' ಅಂತ ತಡೆದುಕೊಂಡಷ್ಟೂ ಕಷ್ಟ. ಮೈಗ್ರೇನ್ ಜೋರಾದಾಗ ಹೊಟ್ಟೆಯ ಚಲನೆಯೂ ನಿಧಾನ ಆಗುತ್ತದೆ, ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ. ಶುರುವಿನಲ್ಲೇ ನ್ಯಾಪ್ರೋಕ್ಸೆನ್ ಅಥವಾ ಪ್ಯಾರಸಿಟಮಾಲ್, ಡಾಕ್ಟರು ಹೇಳಿದ ಪೂರ್ತಿ ಪ್ರಮಾಣದಲ್ಲಿ, ವಾಂತಿ ತಡೆಯುವ ಮಾತ್ರೆಯ ಜೊತೆ ತೆಗೆದುಕೊಳ್ಳಿ. ಅದರಿಂದ ಆಗದಿದ್ದರೆ ಮೈಗ್ರೇನ್ ನೋವಿಗೆಂದೇ ಇರುವ ಸುಮಾಟ್ರಿಪ್ಟಾನ್ ಥರದ್ದನ್ನು ಕೇಳಿ. ಎರ್ಗೊಟಮಿನ್ ನುಂಗಿ 24 ಗಂಟೆ ಕಳೆಯುವ ತನಕ ಅದು ಕೂಡದು. ಅದೇ ಗುಂಪಿನ ರಿಝಟ್ರಿಪ್ಟಾನ್ ಬರೆದುಕೊಟ್ಟರೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದೇನೆ ಅಂತ ನೆನಪಿಸಿ, ಆಗ ಅದರ ಪ್ರಮಾಣ ಕಡಿಮೆ ಇರಬೇಕು. ಯಾವುದೇ ನೋವಿನ ಮಾತ್ರೆ ವಾರಕ್ಕೆ ಎರಡು ದಿನ ದಾಟಬಾರದು.

ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ನೋವಿನ ದಿನಕ್ಕೊಂದು ಗೀಟು, ಮಾತ್ರೆ ನುಂಗಿದ ದಿನಕ್ಕೊಂದು ಸೊನ್ನೆ ಹಾಕಿ. ಮುಟ್ಟಿನ ದಿನ, ಉಪವಾಸ, ಯಕ್ಷಗಾನ ಆಟ ನೋಡಿ ನಿದ್ದೆಗೆಟ್ಟ ರಾತ್ರಿ, ಅದೂ ಇರಲಿ. ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಆ ಹಾಳೆಗಳನ್ನೇ ತೆಗೆದುಕೊಂಡು ಹೋಗಿ. ಸ್ಕ್ಯಾನಿಂಗ್‌ಗಿಂತ ಅದು ಜಾಸ್ತಿ ಹೇಳುತ್ತದೆ.

ಪ್ರಶ್ನೆ: ನಾನು ಮುಳ್ಳೇರಿಯದವನು. ಅಮ್ಮನಿಗೆ 63. ಹಾರ್ಟಿಗೆ ಸ್ಟೆಂಟ್ ಹಾಕಿದೆ. ಒಂದು ತಿಂಗಳಿಂದ ಒಂದು ಬದಿ ತಲೆನೋವು, ಮೊದಲು ಯಾವತ್ತೂ ಇರಲಿಲ್ಲ. ದುಬೈಯಿಂದ ಬಂದ ಭಾವ ಸುಮಾಟ್ರಿಪ್ಟಾನ್ ತಂದಿದ್ದಾರೆ. ಕೊಡಬಹುದಾ?

ಉತ್ತರ: ಖಂಡಿತ ಕೊಡಬೇಡಿ. ಅದು ಹೃದಯದ ರಕ್ತನಾಳವನ್ನೂ ಬಿಗಿ ಮಾಡಬಹುದು. ಸ್ಟೆಂಟ್ ಹಾಕಿಸಿಕೊಂಡವರಿಗೆ, ಪಾರ್ಶ್ವವಾಯು ಆದವರಿಗೆ ಅದು ನಿಷಿದ್ಧ. ಅದಕ್ಕಿಂತ ಮುಖ್ಯ ಇನ್ನೊಂದಿದೆ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನು ಮೈಗ್ರೇನ್ ಅಂತ ಅಂದುಕೊಳ್ಳಲೇಬಾರದು. ಕೆನ್ನೆತ್ತಿ, ಅಂದರೆ ಕಣ್ಣು ಮತ್ತು ಕಿವಿಯ ನಡುವಿನ ಜಾಗ, ಮುಟ್ಟಿದರೆ ನೋಯುತ್ತದಾ, ಅಗಿಯುವಾಗ ದವಡೆ ಸೋಲುತ್ತದಾ, ಕಣ್ಣು ಮಂಜಾಗುತ್ತದಾ ಅಂತ ಕೇಳಿ. ಕೆನ್ನೆತ್ತಿಯ ರಕ್ತನಾಳ ಉರಿಯೂತದಿಂದ ಬಾತುಕೊಂಡರೆ ಹೀಗಾಗುತ್ತದೆ, ತಡಮಾಡಿದರೆ ದೃಷ್ಟಿ ಹೋಗಬಹುದು. ಇಎಸ್‌ಆರ್ ಎಂಬ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ. ಇವುಗಳಲ್ಲಿ ಒಂದಿದ್ದರೂ ಅಮ್ಮನನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವುದೂ ಇಲ್ಲದಿದ್ದರೂ ಈ ವಾರದೊಳಗೆ ತೋರಿಸಿ. ಹೃದಯದ ಚೀಟಿಗಳೆಲ್ಲ ಕೈಯಲ್ಲಿರಲಿ.