ರೈಫಲ್ ಸ್ಪರ್ಧೆಯಲ್ಲಿ ಬಿರುಸಾದ ಜಾಕೆಟ್ ತೊಡುವುದು ಮೋಸವೇ?

ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ, ಜಾಕೆಟ್ಟೇ ಗುರಿ ಹೊಡೆದುಕೊಡುವುದಾದರೆ ಅದು ಮೋಸವಲ್ಲವೇ ಎಂದು ಕಾಸರಗೋಡಿನಿಂದ ಕೇಳಿದ್ದೀರಿ. ಖಂಡಿತ ಅಲ್ಲ. ಜಾಕೆಟ್ ಬೆನ್ನಿಗೆ ಆಸರೆ ಕೊಡುತ್ತದೆ, ನಿಜ. ಆದರೆ ಅಂತರರಾಷ್ಟ್ರೀಯ ನಿಯಮದಂತೆ ಅದರ ಬಟ್ಟೆಯ ದಪ್ಪ 2.5 ಮಿಲಿಮೀಟರ್ ಮೀರುವಂತಿಲ್ಲ. ಬಿರುಸುತನವನ್ನೂ ಉಪಕರಣವಿಟ್ಟು ಅಳೆಯುತ್ತಾರೆ. ನಿಂತು ಹೊಡೆಯುವಾಗ ಬಂದೂಕು ಅಲುಗದಂತೆ ಅದನ್ನು ತೋಳಿಗೆ ಪಟ್ಟಿಯಿಂದ ಬಿಗಿಯುವುದಕ್ಕೂ ಅನುಮತಿಯಿಲ್ಲ. ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್! ಉಸಿರು, ಟ್ರಿಗರ್ ಮೇಲಿನ ಬೆರಳು ಪಳಗದೆ ಅದು ದಕ್ಕುವುದಿಲ್ಲ. ಬೈಪಾಡ್ (ಎರಡು ಕಾಲಿನ ಊರುಗೋಲು), ಮರಳುಚೀಲಗಳ ಮೇಲೆ ಬಂದೂಕು ಊರುವ ದೂರಗುರಿಯ ಪಂದ್ಯಗಳು ಬೇರೆಯೇ ಆಟ.

ನನಗೆ ಅನ್ಯಾಯವೆನಿಸುವುದು ಬೆಲೆ: ಒಳ್ಳೆಯ ಜಾಕೆಟ್ ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ಮಗಳು ಇನ್ನೂ ಬೆಳೆಯುತ್ತಿದ್ದರೆ ಸದ್ಯಕ್ಕೆ ಕ್ಲಬ್ಬಿನ ಹಳೆಯ ಜಾಕೆಟ್ ಕೇಳಿ ನೋಡಿ.